ಸಾವಿರದ ನೂರ ನಲವತ್ತಾರನೇ ಕಡ್ಡಿ

ಪಾಲೆನ್ಸಿಯಾ
ಭಾನುವಾರ, 17 ನವೆಂಬರ್ 2019

ಪ್ರೀತಿಯ ಮಗಳು ಕಸಿಲ್ಡಾಳಿಗೆ,

ಅಮ್ಮನ ಮುತ್ತುಗಳು, ಎರಡು ಕೆನ್ನೆಗೂ. ನೀನು ಸೆಪ್ಟೆಂಬರಿನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಎರಡು ತಿಂಗಳು ಏನು ಮಾಡುತ್ತಿದ್ದೆ ಎಂದು ಕೇಳಬೇಡ. ನಾಲ್ಕು ಸಲ ಪೆನ್ನು ಹಿಡಿದು ಕೂತೆ. ನಾಲ್ಕು ಸಲವೂ ನಿನ್ನ ಹೆಸರಷ್ಟೇ ಬರೆದು, ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಫೋನಿನಲ್ಲಿ ಹೇಳಿಬಿಡೋಣವೆಂದರೆ ನೀನು, "ಅಮ್ಮಾ, ಬೀಟ್ ಗೆಡ್ಡೆ ಲಾರಿಗಳು ಫ್ಯಾಕ್ಟರಿ ಗೇಟಿನ ಆಚೆಗೂ ನಿಂತಿವೆ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಇದು ಲಾರಿಗಳ ನಡುವೆ ಹೇಳುವ ಮಾತಲ್ಲ. ಅದಕ್ಕೇ ಕಾಗದ.

ಇಲ್ಲಿ ಮಂಜು ಕವಿದು ಒಂಬತ್ತು ದಿನವಾಯಿತು. ಕಾಲುವೆಯ ಆಚೆ ದಡ ಕಾಣುತ್ತಿಲ್ಲ. ನಿನ್ನಪ್ಪನ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ದಿನಾ ಹನ್ನೆರಡಕ್ಕೆ ಬಾರಿಗೆ ಹೋಗಿ ಇಸ್ಪೀಟಿನಲ್ಲಿ ಸೋತು ಬರುತ್ತಾನೆ, ಸೋತದ್ದು ಜೊತೆಗಾರನ ಪೆದ್ದುತನದಿಂದ ಎಂದು ನನಗೆ ವರದಿ ಒಪ್ಪಿಸುತ್ತಾನೆ. ನಿನಗೆ ಇನ್ನೊಂದು ಕಂಬಳಿ ಕಟ್ಟಿಟ್ಟಿದ್ದಾನೆ. ಮೂರಿವೆಯಲ್ಲ ಎಂದರೆ, "ಅವೆಲ್ಲ ಮಗ್ಗದಿಂದ ಬಂದವಲ್ಲ, ಕಂಪ್ಯೂಟರಿನಿಂದ ಬಂದವು. ನಲವತ್ತು ವರ್ಷ ನೇಯ್ದೋನಿಗೆ ಗೊತ್ತಾಗಲ್ವಾ?" ಎನ್ನುತ್ತಾನೆ. ಬೇಡವೆನ್ನಬೇಡ, ಇಸ್ಕೋ.

ಇನ್ನು ಸುದ್ದಿ. ನಿನ್ನ ಪ್ರೊಫೆಸರ್ ದೋನ್ ಲೆಯಾಂದ್ರೊ ನಿವೃತ್ತನಾದ. ಆ ಹೆಸರು ಕಂಡ ಕೂಡಲೇ ಕಾಗದ ಮಡಿಚಿಡಬೇಡ. ನಿನ್ನ ಬಗ್ಗೆಯೇ ಬರೆಯುತ್ತಿದ್ದೇನೆ.

ಶುಕ್ರವಾರ ಬೀಳ್ಕೊಡುಗೆಯ ಊಟ. ನಮ್ಮ ಸಂಶೋಧನಾ ಸಂಸ್ಥೆಯವರೆಲ್ಲ ಇದ್ದರು. ಕುರಿಮರಿ ಸುಟ್ಟಿದ್ದರು, ಚೆನ್ನಾಗಿಯೇ ಇತ್ತು. ನನ್ನನ್ನು ಬಾಗಿಲ ಬಳಿಯ ಮೇಜಿನಲ್ಲಿ ಕೂರಿಸಿದ್ದರು, ಮಾಲಿ ಮತ್ತು ಗೇಟಿನವನ ಜೊತೆ. ಅಲ್ಲಿ ಒಳ್ಳೆಯ ಮಾತುಕತೆ ನಡೆದಿತ್ತು, ಆ ಬಗ್ಗೆ ದೂರಿಲ್ಲ. ಸಿಹಿ ಬರುವ ಹೊತ್ತಿಗೆ ದೋನ್ ಲೆಯಾಂದ್ರೊ ಎದ್ದು ನಿಂತ. ಅವನ ಕೆಮ್ಮು ನಿನಗೆ ನೆನಪಿದೆಯಲ್ಲ, ಮಾತಿಗೆ ಮೊದಲು ಎರಡು, ಮಧ್ಯೆ ಒಂದು.

"ಇಪ್ಪತ್ತೊಂಬತ್ತು ವರ್ಷ ನಾನು ಒಂದೇ ಮಾತು ಹೇಳ್ದೆ," ಎಂದ. "ಸಕ್ಕರೆ ಹರಳಿನಲ್ಲಿ ಹೇಗಿರತ್ತೋ, ಲೇಸರ್ ಏಟು ಬಿದ್ಮೇಲೂ ಹಾಗೇ ಆಚೆ ಬರತ್ತೆ. ಉಂಗುರ ಮುರಿಯಲ್ಲ. ನೀವೆಲ್ಲ ನಂಬಿದ್ರಿ. ಈ ವರ್ಷ ಒಂದು ಪುಟಾಣಿ ಸಕ್ಕರೆ ಈ ಮುದುಕನ ಕಿವಿ ಹಿಂಡ್ತು. ಉಂಗುರ ಮುರಿಯತ್ತೆ! ಮುರಿದು ಬೇರೆ ಥರ ಕೂಡತ್ತೆ! ಅದನ್ನ ಜಗತ್ತಿನಲ್ಲಿ ಮೊದಲು ನೋಡಿದ್ದು ನಮ್ಮ ಸಂಸ್ಥೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಸಿಲ್ಡಾ. ಕೈಗಳು ತಾವಾಗಿಯೇ ತಟ್ಟಿದವು. ಆಮೇಲೆ ಅವನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಆ ಸಕ್ಕರೆ ಲಿಕ್ಸೋಸ್. ಆ ಉಂಗುರ ನೀನು ಐದು ವರ್ಷದ ಹಿಂದೆ ಕಂಡದ್ದು. ಆಗ ಇದೇ ಮನುಷ್ಯ ನಿನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ಹರಿದು ಕೈಗೆ ಕೊಟ್ಟಿದ್ದ. ಜರ್ಮನಿಯವರು ಕೊಡುತ್ತೇವೆಂದಿದ್ದ ಹುದ್ದೆಯನ್ನು ಹಿಂದಕ್ಕೆ ಪಡೆದಿದ್ದರು. ನೀನು ಪ್ರಬಂಧ ಅಲ್ಲಿಗೇ ಬಿಟ್ಟು, ಸಕ್ಕರೆ ಕಾರ್ಖಾನೆಗೆ, ರೈತರ ಬೀಟಿನಲ್ಲಿ ಎಷ್ಟು ಸಿಹಿ ಇದೆಯೆಂದು ಅಳೆಯುವ ಕೆಲಸಕ್ಕೆ ಹೋದೆ. ಈಗ ಅದೇ ಉಂಗುರ 'ನಮ್ಮ ಸಂಸ್ಥೆ'ಯದಾಯಿತು. ಆ ಕುರಿಮರಿಯ ರುಚಿ ಇನ್ನೂ ನಾಲಿಗೆಯ ಮೇಲೆ ಕಹಿಯಾಗಿ ಕೂತಿದೆ.

ಮನೆಗೆ ಬಂದು ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ಕೂತುಬಿಟ್ಟೆ. ನಿನ್ನಪ್ಪ ಬಾಗಿಲಲ್ಲಿ ನಿಂತು ನೋಡಿದ.

"ಏನಾಯ್ತೇ? ಕುರಿಮರಿ ಬೆಂದಿರ್ಲಿಲ್ವಾ?"

"ಮಕಾರಿಯೋ, ಸುಮ್ನಿರು."

"ಸುಮ್ನೇ ಇದ್ದೀನಿ, ಮೂವತ್ತು ವರ್ಷದಿಂದ. ನೀನು ಅಲ್ಲಿ ಏನು ಮಾಡ್ತೀಯ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಯಾಕೆ ಬಿಟ್ಟು ಹೋದ್ಲು ಅಂತಾನೂ ಗೊತ್ತಿಲ್ಲ. ಇವತ್ತು ಹೇಳು. ನಿಧಾನವಾಗಿ ಹೇಳು, ನಾನು ಕಂಬಳಿಯೋನು."

ಹೇಳಿದೆ. ನಿನಗೆ ಗೊತ್ತಿರುವುದೇ ಆದರೂ ಅವನಿಗೆ ಹೇಗೆ ಹೇಳಿದೆನೆಂದು ಬರೆಯುತ್ತೇನೆ, ನಗಲಿಕ್ಕಾದರೂ ಆಗುತ್ತದೆ. ಸಕ್ಕರೆಯನ್ನು ಬಾಣಲೆಯಲ್ಲಿಟ್ಟು ಕಾಯಿಸಿದರೆ ಅದು ಆವಿಯಾಗುವುದಿಲ್ಲ, ಕಂದು ಪಾಕವಾಗಿ ಸೀದುಹೋಗುತ್ತದೆ. ಸಕ್ಕರೆಯ ಒಂದು ಅಣುವಿನ ಆಕಾರ ನೋಡಬೇಕಾದರೆ ಅದನ್ನು ಸೀಯದ ಹಾಗೆ ಗಾಳಿಗೆ ಎಬ್ಬಿಸಬೇಕು. ಅದಕ್ಕೆ ನಾನು ಪುಡಿಯನ್ನು ಅಚ್ಚಿನಲ್ಲಿ ಹಾಕಿ ಒತ್ತಿ, ಪೆನ್ಸಿಲ್ ದಪ್ಪದ ಕಡ್ಡಿ ಮಾಡಿಕೊಡುತ್ತೇನೆ. ಕಡ್ಡಿಗೆ ಲೇಸರಿನಿಂದ ಒಂದು ಏಟು ಹೊಡೆಯುತ್ತಾರೆ. ಎದ್ದ ಹೊಗೆಯನ್ನು ನಿಯಾನ್ ಅನಿಲ ಹೊತ್ತುಕೊಂಡು, ಗಾಳಿಯೇ ಇಲ್ಲದ ದೊಡ್ಡ ಉಕ್ಕಿನ ಹಂಡೆಯೊಳಗೆ ನುಗ್ಗುತ್ತದೆ. ಅಲ್ಲಿ ಒಂದೊಂದು ಅಣುವೂ ಒಂಟಿ. ನೀರಿಲ್ಲ, ನೆರೆಯವರಿಲ್ಲ. ಚಳಿಗೆ ಮರಗಟ್ಟಿ, ತನ್ನ ಪಾಡಿಗೆ ತಾನು ಗಿರಗಿರ ತಿರುಗುತ್ತಿರುತ್ತದೆ. ಸೂಕ್ಷ್ಮ ತರಂಗ ತಾಗಿಸಿದರೆ ಅದು ಹೇಗೆ ತಿರುಗುತ್ತಿದೆಯೋ ಅದಕ್ಕೆ ತಕ್ಕ ಗೆರೆಗಳು ಪರದೆಯ ಮೇಲೆ ಮೂಡುತ್ತವೆ. ಆಕಾರ ಬೇರೆಯಾದರೆ ಗೆರೆಗಳ ಜಾಗವೂ ಬೇರೆ.

"ಅಂದ್ರೆ," ಎಂದ ನಿನ್ನಪ್ಪ, "ಬಾಗಿಲು ಹಾಕ್ಕೊಂಡು ಒಬ್ಬಳೇ ಇದ್ದಾಗ ನೀನು ಹೇಗಿರ್ತೀಯೋ, ಅದನ್ನ ಕದ್ದು ನೋಡೋದು."

"ಹಾಗೇ ಅಂದ್ಕೋ."

"ನಾನು ನೋಡಿದ್ದೀನಪ್ಪ. ಭಯ ಆಗತ್ತೆ."

ಆಮೇಲೆ ಉಂಗುರದ ವಿಷಯ ಹೇಳಿದೆ. ನಿನ್ನ ಸಕ್ಕರೆ ಹರಳಿನಲ್ಲಿರುವಾಗ ಆರು ಜನ ಕೈಕೈ ಹಿಡಿದು ನಿಂತ ಹಾಗಿರುತ್ತದೆ. ನೀರಿಗೆ ಹಾಕಿದರೆ ಕೈ ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಹಿಡಿಯುವಾಗ ಕೆಲವು ಸಲ ಒಬ್ಬ ಹೊರಗೆ ಉಳಿದು, ಉಂಗುರ ಐದು ಜನರದಾಗುತ್ತದೆ. ನೀನು ಪರದೆಯ ಮೇಲೆ ಕಂಡದ್ದು ಆ ಐದರ ಉಂಗುರವನ್ನು. ಕಡ್ಡಿ ಒಣದಾಗಿದ್ದರೆ ಅದು ಲೇಸರ್ ಏಟಿಗೇ ಆದದ್ದು, ಅಲ್ಲಿಯವರೆಗೆ ಯಾರೂ ಕಂಡಿರದ ಸಂಗತಿ. ಕಡ್ಡಿ ಮಾಡುವಾಗ ನೀರು ತಾಗಿದ್ದರೆ ಅದು ಬರೀ ನೀರಿನ ಕೆಲಸ, ಮೊದಲ ವರ್ಷದವರು ಮಾಡುವ ತಪ್ಪು.

ನಿನ್ನಪ್ಪ ತುಸು ಹೊತ್ತು ಬ್ರೆಡ್ಡಿನ ಚೂರುಗಳನ್ನು ಮೇಜಿನ ಮೇಲೆ ಗುಂಡಗೆ ಜೋಡಿಸುತ್ತ ಕೂತ. ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ಸರಿ. ಒಣವೋ ಒದ್ದೆಯೋ ಅಂತ ಹೇಳೋರು ಯಾರು?"

"ಒತ್ತಿದೋರು."

"ಅಂದ್ರೆ ನೀನು."

ನಾನು ಎದ್ದು ಕೋಟು ತೆಗೆದು ನೇತುಹಾಕಲು ಹೋದೆ. ಇವತ್ತಿಗೆ ಇಷ್ಟು ಸಾಕು ಮಗಳೇ. ಮುಂದಿನದನ್ನು ಬರೆಯಲು ಇವತ್ತು ನನಗೆ ಆಗುವುದಿಲ್ಲ.

ಮಂಗಳವಾರ

ಎರಡು ದಿನ ಈ ಹಾಳೆಗಳನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದೆ. ನಿನ್ನಪ್ಪ ಎತ್ತಿ ನೋಡಲಿಲ್ಲ, ಅಥವಾ ನೋಡಿಯೂ ನೋಡದವನ ಹಾಗಿದ್ದಾನೆ.

ಇರಾಚೆಯ ಬಗ್ಗೆ ಹೇಳಬೇಕು. ನಿನ್ನ ಜಾಗಕ್ಕೆ ಬಂದ ಹುಡುಗಿ, ನವಾರ್ರದವಳು. ಗಟ್ಟಿ ಗಂಟಲು, ಕಾರಿಡಾರಿನಲ್ಲಿ ಶಿಳ್ಳೆ ಹೊಡೆಯುತ್ತಾಳೆ. ಮೊದಮೊದಲು ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ನಿನ್ನ ಕುರ್ಚಿಯಲ್ಲಿ ಕೂತಳಲ್ಲ ಎಂದು. ಈ ವರ್ಷ ಹೊಸ ಯಂತ್ರ ಬಂದಿದೆ. ನೀನು ಒಂದೊಂದೇ ಗೆರೆ ಹುಡುಕಿಕೊಂಡು ವಾರಗಟ್ಟಲೆ ಕೂರುತ್ತಿದ್ದುದನ್ನು ಅದು ಒಂದು ಮಧ್ಯಾಹ್ನದಲ್ಲಿ ಬಿಡಿಸಿ ಹರಡುತ್ತದೆ. ಬೇಸಿಗೆಯ ಹೊತ್ತಿಗೆ ಇರಾಚೆ ಲಿಕ್ಸೋಸ್ ತೆಗೆದುಕೊಂಡಳು. ಕಡ್ಡಿಗಳನ್ನು ನಾನೇ ಒತ್ತಿದೆ, ತೇವ ಸೇರದ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ, ಅವಳ ಕಣ್ಣೆದುರಿಗೇ. ಐದರ ಉಂಗುರ ಬಂತು. ಹನ್ನೊಂದು ಕಡ್ಡಿ, ಹನ್ನೊಂದು ಸಲವೂ ಬಂತು.

ಅವಳು ಜಾಣೆ. ತನಗೇ ಮೊದಲು ಸಿಕ್ಕಿತೆಂದು ಕುಣಿಯಲಿಲ್ಲ. ಹಳೆಯ ಕಡತಗಳನ್ನು ತೆಗೆದು ನೋಡಿದಳು. ಅಲ್ಲಿ ನಿನ್ನ ಪಟ್ಟಿ ಸಿಕ್ಕಿತು. ಅಕ್ಟೋಬರ್ ಮೊದಲ ವಾರ ನಾನು ಕಡ್ಡಿ ಒತ್ತುವ ಕಾರ್ಯಾಗಾರಕ್ಕೆ ಓಡಿ ಬಂದಳು, ಕೈಯಲ್ಲಿ ಆ ಹಾಳೆ.

"ಫೆಲಿಸಾ, ನಿಮ್ಮ ಮಗಳು ಮೂವತ್ತೇಳು ಗೆರೆ ಬರ್ದಿಟ್ಟಿದ್ದಾಳೆ. ಮೂವತ್ತೇಳೂ ನನ್ನದಕ್ಕೆ ಕೂಡ್ತವೆ. ಕೊನೇ ಅಂಕೀವರೆಗೂ! ಆ ಹಳೇ ಯಂತ್ರದಲ್ಲಿ, ಕೈಯಲ್ಲಿ! ಎಂಥ ಕಣ್ಣು ರೀ ಅವಳದು!"

ನನ್ನ ಎದೆ ಉಬ್ಬಿತು. ನಿಜ ಹೇಳುತ್ತೇನೆ, ಒಂದು ಗಳಿಗೆ ಬರೀ ಹೆಮ್ಮೆಯೇ ಇತ್ತು. ಆಮೇಲೆ ಅವಳು ಕಪಾಟಿನಿಂದ ಹಸಿರು ರಟ್ಟಿನ ಕಡ್ಡಿ ಪುಸ್ತಕ ಎಳೆದು, 2014ರ ಪುಟ ತೆಗೆದು ನನ್ನ ಮುಂದಿಟ್ಟಳು.

"ಸಾವಿರದ ನೂರ ನಲವತ್ತಾರನೇ ಕಡ್ಡಿ. ಲಿಕ್ಸೋಸ್. ಇದು ನಿಮ್ಮ ಅಕ್ಷರ ತಾನೆ? ಇಲ್ಲಿ 'ಒಣ' ಅಂತಿದೆ. ಆದ್ರೆ ಆಮೇಲೆ ದೋನ್ ಲೆಯಾಂದ್ರೊ ಅಚ್ಚು ಹಾಕ್ಸಿದ ಲೇಖನದಲ್ಲಿ, ಐದರ ಉಂಗುರ ಕಂಡಿದ್ದು ನೀರು ತಾಗಿದ ಕಡ್ಡಿಯಲ್ಲಿ, ಅದನ್ನ ಲೆಕ್ಕಕ್ಕೆ ತಗೋಬೇಡಿ ಅಂತಿದೆ. ಯಾವುದು ಸರಿ?"

ಕನ್ನಡಕ ತರುತ್ತೇನೆಂದು ಹೊರಗೆ ಹೋದೆ. ಕನ್ನಡಕ ಮೂಗಿನ ಮೇಲೇ ಇತ್ತು.

ನಮ್ಮ ಕಾರ್ಯಾಗಾರದ ಪದ್ಧತಿ ನಿನಗೆ ಗೊತ್ತು. ಕಡ್ಡಿ ಪುಸ್ತಕದಲ್ಲಿ ಒತ್ತಿದವರು ಮಾತ್ರ ಬರೆಯಬೇಕು, ಬೇರೆಯವರು ಪೆನ್ನು ತಾಗಿಸುವಂತಿಲ್ಲ. ಅನುಮಾನ ಬಂದರೆ ಒತ್ತಿದವರನ್ನು ಕೇಳಬೇಕು, ಪುಸ್ತಕಕ್ಕಿಂತ ಅವರ ಬಾಯಿಮಾತೇ ಹೆಚ್ಚು. ಪುಡಿ ಕಚ್ಚಿಕೊಳ್ಳದೆ ಉದುರುವಾಗ ಕೆಲವು ಸಲ ಒಂದು ಹನಿ ನೀರು ಬಿಟ್ಟು ಒತ್ತುತ್ತಾರೆ, ಅದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ, ಬಾಯಲ್ಲಿ ಹೇಳುತ್ತಾರೆ. ನಿನ್ನ ಕಡ್ಡಿಗೆ ಆ ಹನಿ ಬಿದ್ದಿತ್ತೆಂದು ನಾನು ಹೇಳಿದೆ. ಅಷ್ಟಕ್ಕೇ ನಿನ್ನ ಅಧ್ಯಾಯ ಮುಗಿಯಿತು.

ಕಸಿಲ್ಡಾ, ಹನಿ ಬಿದ್ದಿರಲಿಲ್ಲ.

ಬರೆದೆ. ಈಗ ಉಳಿದದ್ದೂ ಬರೆಯುತ್ತೇನೆ. ಅವತ್ತು ದೋನ್ ಲೆಯಾಂದ್ರೊ ನನ್ನನ್ನು ಕರೆದ. ಬಾಗಿಲು ಮುಚ್ಚಿದ. ನಿನ್ನ ಉಂಗುರ ನಿಜವಾದರೆ ಅವನು ಕಾಲು ಶತಮಾನ ಹೇಳಿಕೊಂಡು ಬಂದದ್ದು ಸುಳ್ಳಾಗುತ್ತದೆ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಯೋಚನೆ ಮಾಡಿ ಹೇಳು ಎಂದ, ಇನ್ನೊಂದು ಸಲ ಯೋಚನೆ ಮಾಡು ಎಂದ. ಅವನು ದೊಡ್ಡ ಮನುಷ್ಯ, ನಾನು ಪುಡಿ ಒತ್ತುವವಳು. ನಿನ್ನಪ್ಪನ ಕಾರ್ಖಾನೆ ಮುಚ್ಚಿ ಆಗಲೇ ವರ್ಷವಾಗಿತ್ತು, ಮನೆಗೆ ನನ್ನ ಕೆಲಸವೊಂದೇ ಆಸರೆ. ಹೆದರಿದೆ. ಹೆದರಿ ಅವನಿಗೆ ಬೇಕಾದ್ದನ್ನು ಹೇಳಿದೆ. ನೀನು ಇನ್ನೊಮ್ಮೆ ಅಳೆದು ತೋರಿಸುತ್ತೀಯ, ಒಂದು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಅವನು ಇನ್ನೊಂದು ಚೂರು ಲಿಕ್ಸೋಸ್ ಕೊಡಿಸಲಿಲ್ಲ. ನೀನು ಕೇಳಲಿಲ್ಲ. ನೀನು ಕೇಳದೆ ಹೊರಟುಬಿಡುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ.

ನಿನ್ನೆ ಅವನು ಕೋಣೆ ಖಾಲಿ ಮಾಡಲು ಬಂದಿದ್ದ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ನಾನು ಒಳಗೆ ಹೋಗಿ ನಿಂತೆ. ಮೂವತ್ತು ವರ್ಷದಲ್ಲಿ ಕರೆಯದೆ ಆ ಕೋಣೆಗೆ ಹೋದದ್ದು ಅದೇ ಮೊದಲು.

"ಏನು ಫೆಲಿಸಾ, ವಿದಾಯ ಹೇಳೋಕೆ ಬಂದ್ಯಾ?"

"ಇಲ್ಲ. ನೀವು ಶುಕ್ರವಾರ ಹೇಳಿದ 'ನಮ್ಮ ಸಂಸ್ಥೆ'ಗೆ ಒಂದು ಹೆಸರಿದೆ, ಅದನ್ನ ನೆನಪಿಸೋಣ ಅಂತ ಬಂದೆ. ಕಸಿಲ್ಡಾ ಅಂತ. ನನ್ನ ಮಗಳು. ಅವಳು ಈಗ ಲಾರಿ ಲೋಡಿನಿಂದ ಬೀಟ್ ಕೊರೆದು ರಸ ನೋಡ್ತಾಳೆ. ನಿಮ್ಮ ಒಂದು ಮಾತು ಉಳೀಲಿ ಅಂತ ಅವಳ ಬದುಕನ್ನ ತಗೊಂಡ್ರಿ ನೀವು. ಈಗ ಮಾತೂ ಉಳೀಲಿಲ್ಲ. ಚಪ್ಪಾಳೆ ಮಾತ್ರ ನಿಮಗೇ ಬಂತು. ಕುರಿಮರಿ ಅರಗ್ತಾ?"

ಅವನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಬಾಯಿಂದ ಒಂದು ಮಾತು ಹೊರಡಲಿಲ್ಲ. ನಾನು ತಿರುಗಿ ಬಂದೆ. ಮೆಟ್ಟಿಲಿಳಿಯುವಾಗ ಮನಸ್ಸಿಗೆ ಹಾಯೆನಿಸಿತು.

ಅಲ್ಲಿಂದ ನೇರ ಇರಾಚೆಯ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವಳು ಶಿಳ್ಳೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕುರ್ಚಿ ಎಳೆದು ಕೊಟ್ಟು, "ಬರ್ಕೊಡ್ತೀರಾ?" ಎಂದಳು. "ಬರ್ಕೊಡ್ತೀನಿ" ಎಂದೆ. ಅವಳೇ ಕರಡು ಮಾಡಿದಳು, ನಾನು ಸಹಿ ಹಾಕಿದೆ. ಸಾವಿರದ ನೂರ ನಲವತ್ತಾರನೇ ಕಡ್ಡಿ ಒಣದಾಗಿತ್ತು, ನೀರು ತಾಗಿರಲಿಲ್ಲ ಎಂದು. ಹಳೆಯ ಲೇಖನ ಅಚ್ಚಾದ ಪತ್ರಿಕೆಗೇ ಅದು ಹೋಗುತ್ತದೆ, ತಿದ್ದುಪಡಿಯಾಗಿ ಅಚ್ಚಾಗುತ್ತದೆ. ಹೊಸ ಲೇಖನದಲ್ಲಿ ಮೊದಲ ಹೆಸರು ನಿನ್ನದು, ಎರಡನೆಯದು ಇರಾಚೆಯದು. "ಅವಳ ಹೆಸರಿಗಿಂತ ಮುಂದೆ ನನ್ನದು ಹಾಕಿದ್ರೆ ನನಗೆ ನಿದ್ದೆ ಬರಲ್ಲ" ಎಂದಳು. ನಿನ್ನ ಪ್ರಬಂಧವನ್ನು ಮತ್ತೆ ಮಂಡಿಸಬಹುದಂತೆ, ನಿಯಮ ಓದಿ ನೋಡಿದ್ದಾಳೆ. ಈ ವಾರ ನಿನಗೆ ಫೋನ್ ಮಾಡುತ್ತಾಳೆ. ಲಾರಿಗಳು ಎಷ್ಟೇ ನಿಂತಿರಲಿ, ಅವಳ ಫೋನ್ ಎತ್ತು.

ನೀನು ಒಪ್ಪುತ್ತೀಯೋ ಇಲ್ಲವೋ ಗೊತ್ತಿಲ್ಲ. ಮೂವತ್ತಮೂರು ವರ್ಷಕ್ಕೆ ಮತ್ತೆ ವಿದ್ಯಾರ್ಥಿಯಾಗು ಎಂದು ಹೇಳುವ ಯೋಗ್ಯತೆ ನನಗಿಲ್ಲ. ನಿನ್ನದನ್ನು ನಿನಗೆ ತಲುಪಿಸಿದ್ದೇನೆ, ಐದು ವರ್ಷ ತಡವಾಗಿ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಕಣ್ಣು ಹೀಗೇ ಚುರುಕಾಗಿರಲಿ, ನಿನಗೆ ಬೇಕಾದ ಕಡೆ ನೀನು ನಿಲ್ಲುವಂತಾಗಲಿ. ಚಳಿಗೆ ಕುತ್ತಿಗೆ ಮುಚ್ಚಿಕೋ. ಅಪ್ಪನ ಅಪ್ಪುಗೆ.

ನಿನ್ನ ಅಮ್ಮ,
ಫೆಲಿಸಾ

ತಾ.ಕ.: ಲಕೋಟೆ ಅಂಟಿಸಿದ್ದೆ. ಹರಿದು ಮತ್ತೆ ತೆಗೆದೆ. ಮೇಲೆ ಬರೆದದ್ದರಲ್ಲಿ ಕಡ್ಡಿ ಒಣದಾಗಿತ್ತು ಎಂಬುದು ನಿಜ, ಸಹಿ ಹಾಕಿದ್ದು ನಿಜ. ಬಾಗಿಲು ಮುಚ್ಚಿದ್ದು, ಹೆದರಿದ್ದು, ಅದೆಲ್ಲ ನಾನು ಈ ಐದು ವರ್ಷದಲ್ಲಿ ನನಗೇ ಹೇಳಿಕೊಂಡು ಹೇಳಿಕೊಂಡು ನಂಬಿದ್ದು.

ಬಾಗಿಲು ತೆರೆದೇ ಇತ್ತು. ಅವತ್ತು ಬೆಳಗ್ಗೆ ನೀನು ನಿನ್ನ ಲೇಖನದ ಕರಡನ್ನು ನನ್ನ ಅಚ್ಚಿನ ಪಕ್ಕ ಇಟ್ಟು, "ನೋಡಮ್ಮ" ಎಂದು ಹೇಳಿ ಹೋಗಿದ್ದೆ. ಇಂಗ್ಲಿಷ್ ನನಗೆ ಬರುವುದಿಲ್ಲ. ಹೆಸರುಗಳನ್ನು ಹುಡುಕಿದೆ. ಕೊನೆಯ ಪುಟದಲ್ಲಿ ನೀನು ಎಲ್ಲರಿಗೂ ವಂದನೆ ಹೇಳಿದ್ದೆ. ದೋನ್ ಲೆಯಾಂದ್ರೊ ಇದ್ದರು. ಲೆಕ್ಕ ಹಾಕಿಕೊಟ್ಟ ಕಂಪ್ಯೂಟರ್ ಕೇಂದ್ರದವನಿದ್ದ. ಲೇಸರ್ ರಿಪೇರಿಗೆ ಎರಡು ಸಲ ಬಂದು ಹೋದ ಜರ್ಮನಿಯವನೂ ಇದ್ದ. ನಾನಿರಲಿಲ್ಲ. ಒಂದು ಪದ ಮಾತ್ರ ಉಳಿದಿತ್ತು, ನಿಘಂಟು ತೆಗೆದು ನೋಡಿದೆ. 'ಕಾರ್ಯಾಗಾರಕ್ಕೂ' ಎಂದಿತ್ತು. ಇಪ್ಪತ್ತೈದು ವರ್ಷ ನನ್ನ ಕೈಯಿಂದ ಸಾವಿರಕ್ಕೂ ಹೆಚ್ಚು ಕಡ್ಡಿ ಹೋಗಿವೆ. ಬೇರೆಯವರ ಲೇಖನಗಳಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ಎಂದು ನಾನು ಯಾವತ್ತೂ ಹುಡುಕಿಯೂ ನೋಡಿರಲಿಲ್ಲ. ನಿನ್ನದರಲ್ಲಿ ಹುಡುಕಿದೆ.

ಅದೇ ಹೊತ್ತಿಗೆ ದೋನ್ ಲೆಯಾಂದ್ರೊ ಕಾರ್ಯಾಗಾರಕ್ಕೆ ಬಂದರು. ಅವರು ನನ್ನನ್ನು ಕರೆಸಲಿಲ್ಲ, ತಾವೇ ಬಂದರು. ಕಡ್ಡಿ ಪುಸ್ತಕ ತೆಗೆದು ನೋಡಿ, ಮೇಜಿನ ತುದಿಗೆ ಕೂತರು. ಅವತ್ತು ಅವರಿಗೆ ವಯಸ್ಸಾದ ಹಾಗೆ ಕಂಡಿತು. "ಒಣ ಅಂತ ಬರ್ದಿದ್ದೀಯ ಫೆಲಿಸಾ. ಹಾಗಾದ್ರೆ ನಾನ್ ಹೇಳ್ಕೊಂಡು ಬಂದಿದ್ದು ತಪ್ಪು. ನಿನ್ನ ಮಗಳು ಗೆದ್ದಳು. ಒಂದ್ಸಲ ಕೇಳ್ಬಿಡ್ತೀನಿ, ಪದ್ಧತಿ ಅಲ್ವಾ. ಒಣಾನೇ ತಾನೆ?" ಎಂದರು. ಹೌದು ಎನ್ನಲು ಒಂದು ಗಳಿಗೆ ಸಾಕಿತ್ತು.

"ಒಂದು ಹನಿ ಬಿದ್ದಿರಬಹುದು" ಎಂದೆ.

ಅವರು ನನ್ನ ಮುಖ ನೋಡಿದರು. ಮತ್ತೊಂದು ಸಲ ಕೇಳಲಿಲ್ಲ. ಅದು ಅವರ ತಪ್ಪು, ಅದೊಂದೇ. ನಿನ್ನೆ ನಾನು ಬೈದಾಗ ಅವರ ಬಾಯಿಂದ ಮಾತು ಹೊರಡಲಿಲ್ಲ ಎಂದು ಬರೆದೆನಲ್ಲ, ಅದೂ ಸುಳ್ಳು. "ನಾನು ಕೇಳಿದ್ದು ಒಣಾನೇ ತಾನೆ ಅಂತ. ನೀನ್ ಹೇಳಿದ್ದನ್ನ ಬರ್ಕೊಂಡೆ. ನನ್ನನ್ನ ಬೈದ್ರೆ ನಿನಗೆ ಹಗುರ ಆಗತ್ತೆ ಅಂದ್ರೆ ಬೈಕೋ, ಫೆಲಿಸಾ" ಎಂದರು. ಆಮೇಲೆ ಪೆಟ್ಟಿಗೆಗೆ ಹಗ್ಗ ಕಟ್ಟತೊಡಗಿದರು.

ಅಂದು ಸಂಜೆ ನೀನು ಮನೆಗೆ ಬಂದು, ಅಡುಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, "ಪರವಾಗಿಲ್ಲಮ್ಮ, ಅಳಬೇಡ, ಒಂದಿನ ಎಲ್ಲರ ಕೈಯೂ ತಪ್ಪತ್ತೆ" ಎಂದೆ. ಆಗ ಹೇಳಬಹುದಿತ್ತು. ನೀನು ನನ್ನ ಕೈಗಳನ್ನು ಉಜ್ಜುತ್ತಿದ್ದೆ, ನನಗೆ ಅದು ಹಿತವಾಗಿತ್ತು, ಸುಮ್ಮನಿದ್ದೆ.

ತಿದ್ದುಪಡಿಯನ್ನು ಇರಾಚೆ ನನಗೆ ಓದಿ ಹೇಳಿದಳು. ಕಡ್ಡಿಗೆ ನೀರು ತಾಗಿತ್ತೆಂದು ಸುಳ್ಳು ಹೇಳಿದ್ದು ಯಾರು ಎಂಬುದನ್ನೂ ಅದರಲ್ಲಿ ಹಾಕಲೇಬೇಕಂತೆ. ಫೆಲಿಸಾ ಮೆರಿನೊ ಕಲ್ಸಾದಾ, ಅಪ್ಪನ ಕಡೆಯದು, ಅಮ್ಮನ ಕಡೆಯದು, ಎರಡೂ ಮನೆತನದ ಹೆಸರುಗಳ ಸಮೇತ. ಆ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುವುದು ಇದೇ ಮೊದಲು. ಹೆಸರು ಸರಿಯಾಗಿ ಬರೆದಿದ್ದೇನಾ ನೋಡಿ ಎಂದು ಅವಳು ಹಾಳೆ ನನ್ನ ಕಡೆ ತಿರುಗಿಸಿದಳು. ನೋಡಿದೆ. ಸರಿಯಾಗಿದೆ ಎಂದೆ.